ಕೋಚ್ ಬದಲಾದರೆ ಗೋಲು ಬೀಳುತ್ತದೆಯೆ? ರಹೀಮ್ ಸಾಹೇಬರ ಲೆಕ್ಕ ಕೇಳಿ

ಊರಿನ ತಂಡ ಎರಡು ಮ್ಯಾಚು ಸೋತರೆ ಸಾಕು, ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಹಿಡಿದು ಕ್ಷೌರದಂಗಡಿಯ ಬೆಂಚಿನವರೆಗೆ ಒಂದೇ ಮಾತು: "ಕೋಚನ್ನ ಬದ್ಲಾಯ್ಸಿ ಸ್ವಾಮಿ, ಎಲ್ಲಾ ಸರಿ ಹೋಗ್ತದೆ." ಸರಿ, ಹೊಸ ಕೋಚ್ ಬರುತ್ತಾನೆ. ಆಡುವ ಹುಡುಗರು ಅವರೇ, ಚೆಂಡು ಅದೇ, ಮೈದಾನ ಅದೇ. ಹಾಗಾದರೆ ಬದಲಾಗುವುದು ಏನು?

ಉತ್ತರಕ್ಕೆ ಬ್ರೆಜಿಲ್ಲಿನ ತನಕ ಹೋಗಬೇಕಾದ್ದಿಲ್ಲ. ಪಕ್ಕದ ಹೈದರಾಬಾದಿನಲ್ಲೇ ಇದ್ದರು ಸೈಯದ್ ಅಬ್ದುಲ್ ರಹೀಮ್. ವೃತ್ತಿಯಲ್ಲಿ ಮೇಷ್ಟ್ರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ರೋವರ್ಸ್ ಕಪ್ ಹೊಡೆಯಿತು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಅವರ ಭಾರತ ತಂಡಕ್ಕೆ ಚಿನ್ನ.

ಮರುವರ್ಷವೇ ಕಪಾಳಮೋಕ್ಷ! 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಚಳಿಯ ನಾಡು. ನಮ್ಮ ಹಲವರು ಬರಿಗಾಲಲ್ಲಿ ಆಡಿದರು. ಯುಗೊಸ್ಲಾವಿಯ ಬಾರಿಸಿದ್ದು ಹತ್ತು ಗೋಲು, ಭಾರತಕ್ಕೆ ದಕ್ಕಿದ್ದು ಒಂದು. ಆ ಒಂದನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್ ಎಂಬುದಷ್ಟೇ ಕನ್ನಡನಾಡಿನವರಿಗೆ ಸಮಾಧಾನ.

ಅಂದೂ ಕೋಚ್ ರಹೀಮರೇ. ನಾಲ್ಕು ವರ್ಷದ ಮೇಲೆ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ತಂಡ ಕರೆದೊಯ್ದವರೂ ರಹೀಮರೇ. ನಡುವೆ ಬದಲಾದದ್ದು ಆಟದ ರೀತಿ.

ಗಲ್ಲಾ ಬಿಟ್ಟು ಬಂದ ಯಜಮಾನ

ಹಳೆಯ ಕಾಲದ ದಾಳಿ ಎಂದರೆ ಮುಂದೆ ಐದು ಜನ ಸಾಲಾಗಿ ನಿಲ್ಲುವುದು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಂಥ ಐವರಿಗೆ ಕಲ್ಕತ್ತೆಯ ಜನ 'ಪಂಚ ಪಾಂಡವರು' ಎಂದೇ ಹೆಸರಿಟ್ಟಿದ್ದರು. ಅಹ್ಮದ್ ಖಾನ್ ಅವರಲ್ಲೊಬ್ಬರು. ನೋಡಲು ಸೊಗಸಾದ ಆಟ. ಚೆಂಡು ಸಿಕ್ಕವನು ಒಬ್ಬನನ್ನು ವಂಚಿಸಿ, ಇನ್ನೊಬ್ಬನನ್ನು ವಂಚಿಸಿ ಮುನ್ನುಗ್ಗುತ್ತಿದ್ದ. ಆದರೆ ಎದುರಾಳಿ ಗಟ್ಟಿಯಾದರೆ ಒಬ್ಬೊಬ್ಬನಿಗೆ ಒಬ್ಬೊಬ್ಬ ಕಾವಲುಗಾರ ಅಂಟಿಕೊಂಡು, ಆಟ ಅಲ್ಲಿಗೇ ಮುಗಿಯುತ್ತಿತ್ತು.

1953ರ ನವೆಂಬರಿನಲ್ಲಿ ಹಂಗೆರಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಬಡಿಯಿತು. ಗುಟ್ಟು ಸರಳ. ಹಂಗೆರಿಯ ಸೆಂಟರ್ ಫಾರ್ವರ್ಡ್ ಮುಂದೆ ನಿಲ್ಲದೆ ಹಿಂದಕ್ಕೆ ಸರಿದ. ಅವನನ್ನು ಕಾಯಬೇಕಾದವನು ಏನು ಮಾಡಬೇಕು? ಬೆನ್ನಟ್ಟಿ ಬಂದರೆ ಹಿಂದೆ ಜಾಗ ಖಾಲಿ. ನಿಂತಲ್ಲೇ ನಿಂತರೆ ಇವನು ನಿರಾಳವಾಗಿ ಆಟ ಕಟ್ಟುತ್ತಾನೆ. ಅಂಗಡಿಯ ಯಜಮಾನನನ್ನು ಮಾತಿಗೆಳೆದು ಬೀದಿಗೆ ತಂದರೆ ಗಲ್ಲಾ ಕಾಯುವವರಾರು? ಅದೇ ಲೆಕ್ಕ.

ರಹೀಮ್ ಈ ಪಾಠ ಹಿಡಿದುಕೊಂಡರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು. 1958ರಲ್ಲಿ ಬ್ರೆಜಿಲ್ ಜಗತ್ತಿಗೆ ತೋರಿಸಿದ ಈ ಪದ್ಧತಿಯ ಒಂದು ರೂಪವನ್ನು ರಹೀಮ್ ಮೊದಲೇ ಆಡಿಸಿದ್ದರು ಎಂದು ಭಾರತೀಯ ಫುಟ್ಬಾಲ್ ಬಲ್ಲವರು ಹೇಳುತ್ತಾರೆ. ನಡುವಿನ ಇಬ್ಬರ ಮೇಲೆ ಭಾರ ಹೆಚ್ಚು. ಹಿಂದಕ್ಕೂ ಓಡಬೇಕು, ಮುಂದಕ್ಕೂ ಚೆಂಡು ಉಣಿಸಬೇಕು. 1956ರಲ್ಲಿ ಆ ಜಾಗದಲ್ಲಿ ಆಡಿದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕೆಂಪಯ್ಯನವರೂ ಒಬ್ಬರು.

ಕಾಗದದ ಮೇಲೆ ಬರೆದರೆ ಆಯ್ತೆ? ಕಾಲಿಗೆ ಬರಬೇಕಲ್ಲ. ಅದಕ್ಕೆ ರಹೀಮ್ ಮೇಷ್ಟ್ರು ಮಾಡಿದ್ದು ಅಭ್ಯಾಸದಲ್ಲೇ ಕಟ್ಟುನಿಟ್ಟು. ಎಡಗಾಲು ಬಾರದವನಿಗೆ ಎಡಗಾಲಲ್ಲೇ ಆಡುವ ಪಂದ್ಯ. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಕುಣಿಸುವವರಿಗೆ ಡ್ರಿಬ್ಲಿಂಗ್ ನಿಷೇಧದ ಪಂದ್ಯ. ಬಂದ ಚೆಂಡನ್ನು ಒಂದೇಟಿಗೆ ದಾಟಿಸು, ಖಾಲಿ ಜಾಗಕ್ಕೆ ಓಡು. ಇಷ್ಟೇ ಮಂತ್ರ.

ಫಲ? ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯದ ಮೇಲೆ 4-2ರ ಗೆಲುವು. ನೆವಿಲ್ ಡಿಸೋಜ ಒಬ್ಬರದೇ ಮೂರು ಗೋಲು. ಒಲಿಂಪಿಕ್ ಫುಟ್ಬಾಲ್ ಸೆಮಿಫೈನಲ್ ಮುಟ್ಟಿದ ಮೊದಲ ಏಷ್ಯಾ ತಂಡ ಭಾರತ. ಅಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. 1-4ರಿಂದ ಸೋಲು. ಹತ್ತು ತಿಂದವರು ನಾಲ್ಕಕ್ಕೆ ಇಳಿಸಿದ್ದರು. ಕೊನೆಗೆ ನಾಲ್ಕನೇ ಸ್ಥಾನ.

ಹೊಲಿಗೆ ಹಾಕಿದ ತಲೆ

ರಹೀಮರ ದೊಡ್ಡ ಪಂದ್ಯ ಇನ್ನೂ ಬಾಕಿ ಇತ್ತು. 1962, ಜಕಾರ್ತಾ ಏಷ್ಯನ್ ಗೇಮ್ಸ್. ಅಷ್ಟರಲ್ಲಿ ಸಾಹೇಬರಿಗೆ ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಕೈಲಿ 0-2 ಸೋಲು. ಥಾಯ್ಲೆಂಡ್ ಮೇಲೆ ಗೆದ್ದರೂ ರಕ್ಷಣೆಯ ಗೋಡೆಯಂತಿದ್ದ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡರು.

ಬೇರೆ ಕೋಚ್ ಆಗಿದ್ದರೆ ಅವರನ್ನು ಬೆಂಚಿಗೆ ಕೂರಿಸುತ್ತಿದ್ದರು. ರಹೀಮ್ ಏನು ಮಾಡಿದರು ಗೊತ್ತೆ? ಹಿಂದೆ ನಿಂತು ತಡೆಯುತ್ತಿದ್ದ ಸರ್ದಾರ್ಜಿಯನ್ನು ಸೆಮಿಫೈನಲ್‌ನಲ್ಲಿ ಸೆಂಟರ್ ಫಾರ್ವರ್ಡ್ ಮಾಡಿಬಿಟ್ಟರು! ಪಕ್ಕದಲ್ಲಿ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ತುಳಸೀದಾಸ್ ಬಲರಾಮ್‌ರಂಥವರು. ದಕ್ಷಿಣ ವಿಯೆಟ್ನಾಮ್ ಮೇಲೆ 3-2. ಎರಡು ಗೋಲು ಚುನಿಯವರದು, ಒಂದು ಜರ್ನೈಲ್‌ರದು.

ಸೆಪ್ಟೆಂಬರ್ 4ರ ಫೈನಲ್‌ಗೆ ಮತ್ತೆ ಅದೇ ಕೊರಿಯ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಇಡೀ ಕ್ರೀಡಾಂಗಣವೇ ನಮ್ಮ ತಂಡದ ವಿರುದ್ಧ ಕೂಗುತ್ತಿತ್ತು. ಮೊದಲ ಇಪ್ಪತ್ತು ನಿಮಿಷದಲ್ಲಿ ಪಿ.ಕೆ. ಒಂದು, ಜರ್ನೈಲ್ ಒಂದು. ಕೊರಿಯ ಒಂದನ್ನು ತೀರಿಸಿತು. 2-1, ಚಿನ್ನ ಭಾರತದ್ದು.

1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ಆಮೇಲೆ ಏಷ್ಯನ್ ಗೇಮ್ಸ್ ಫುಟ್ಬಾಲಿನ ಚಿನ್ನ ಭಾರತಕ್ಕೆ ಬಂದಿಲ್ಲ. 1970ರಲ್ಲಿ ಕಂಚು ಬಂದದ್ದೇ ಕೊನೆ. 1960ರ ರೋಮ್ ಬಳಿಕ ಒಲಿಂಪಿಕ್ ಫುಟ್ಬಾಲಿನ ಬಾಗಿಲೂ ತೆರೆಯಲಿಲ್ಲ. ಕೋಚ್‌ಗಳು ಮಾತ್ರ ಬರುತ್ತಲೇ ಇದ್ದಾರೆ, ಊರಿನವರೂ ಪರದೇಶದವರೂ. 2024ರಲ್ಲಿ ರಹೀಮರ ಮೇಲೆ 'ಮೈದಾನ್' ಎಂಬ ಹಿಂದಿ ಸಿನಿಮಾ ಬಂದಾಗ, ಇಂಥವರೊಬ್ಬರು ಇದ್ದರೆಂದು ಮೊದಲ ಸಲ ಕೇಳಿದವರೇ ಹೆಚ್ಚು.

ಹಾಗಾಗಿ ಬಸ್ ಸ್ಟ್ಯಾಂಡಿನ ವಾದಕ್ಕೆ ಒಂದು ಮಾತು. ಹೊಸ ಕೋಚ್ ಬಂದ ಸುದ್ದಿ ಕೇಳಿದರೆ ಅವನ ಹೆಸರು ಕೇಳಿ ಹಿಗ್ಗಬೇಡಿ, ಸಂಬಳ ಕೇಳಿ ಬೆಚ್ಚಬೇಡಿ. ಒಂದು ಸಂಜೆ ಅಂಗಡಿ ಬಾಗಿಲು ಅರ್ಧ ಗಂಟೆ ಮೊದಲೇ ಎಳೆದು ಮೈದಾನದ ಹತ್ತಿರ ಹೋಗಿ ನಿಲ್ಲಿ. ಬಲಗಾಲಿನ ಹುಡುಗ ಎಡಗಾಲಲ್ಲಿ ಒದೆಯಲು ಒದ್ದಾಡುತ್ತಿದ್ದರೆ ನಗಬೇಡಿ. ಬದಲಾವಣೆ ಶುರುವಾಗಿದೆ ಅಂತ ಲೆಕ್ಕ.