ಬಿರುಕಿನ ತುದಿಯಲ್ಲಿ ಉಕ್ಕು

ಗದಗಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗವು ಬಿಂಕದಕಟ್ಟಿಯನ್ನು ಹಾದುಹೋಗುತ್ತದೆ. ಹಗಲಿರುಳು ಗಾಡಿಗಳ ಭಾರವನ್ನು ಹೊರುವ ಕಂಬಿಗಳು ಹೊರನೋಟಕ್ಕೆ ಅಖಂಡವಾಗಿ ತೋರುತ್ತವೆ. ಆದರೆ ಯಾವ ಕಂಬಿಯೂ ಪೂರ್ಣ ನಿರ್ದೋಷವಲ್ಲ. ಕೂದಲೆಳೆಯಂಥ ಬಿರುಕು ಎಲ್ಲಿಯಾದರೂ ಅಡಗಿರಬಹುದು. ಗಾಜಿನ ಮೇಲೆ ಒಂದು ಗೀರೆಳೆದು ಬಾಗಿಸಿದರೆ ಅದು ಥಟ್ಟನೆ ಎರಡಾಗುತ್ತದೆ. ಉಕ್ಕು ಹಾಗೇಕೆ ಮುರಿಯುವುದಿಲ್ಲ?

ಒಂದು ಪಟ್ಟಿಯನ್ನು ಎಳೆದಾಗ ಅದರೊಳಗಿನ ಪೀಡನವು ಎಲ್ಲೆಡೆ ಸಮವಾಗಿ ಹಂಚಿಹೋಗುತ್ತದೆ. ನಡುವೆ ಬಿರುಕಿದ್ದರೆ ಬಲವು ಅದನ್ನು ನೇರವಾಗಿ ದಾಟಲಾರದು. ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ ಬಿರುಕಿನ ತುದಿಯನ್ನು ಬಳಸಿ ಸಾಗಬೇಕಾಗುತ್ತದೆ. ಆದ್ದರಿಂದ ತುದಿಯಲ್ಲಿ ಪೀಡನವು ಬಹುಪಟ್ಟು ಹೆಚ್ಚುತ್ತದೆ.

ಬಿರುಕು ಮುಂದುವರಿಯಬೇಕಾದರೆ ಎರಡು ಹೊಸ ಮೈಗಳು ಹುಟ್ಟಬೇಕು. ಅದಕ್ಕೆ ಶಕ್ತಿ ಬೇಕು. ವಸ್ತುವಿನಲ್ಲಿ ಸಂಚಯವಾದ ಸ್ಥಿತಿಸ್ಥಾಪಕ ಶಕ್ತಿಯು ಈ ವೆಚ್ಚವನ್ನು ತುಂಬಿಕೊಟ್ಟಾಗ ಮಾತ್ರ ಬಿರುಕು ಓಡುತ್ತದೆಂದು ೧೯೨೧ರಲ್ಲಿ ಗ್ರಿಫಿತ್ ಎಂಬ ಆಂಗ್ಲ ವಿಜ್ಞಾನಿ ತೋರಿಸಿದನು. ಗಾಜಿಗೆ ಈ ಲೆಕ್ಕ ಸರಿಹೋಯಿತು. ಉಕ್ಕಿನಲ್ಲಾದರೋ ನಿಜವಾದ ವೆಚ್ಚವು ಸಾವಿರಾರು ಪಟ್ಟು ಹೆಚ್ಚಾಗಿತ್ತು. ಆ ಶಕ್ತಿ ಎಲ್ಲಿ ಹೋಗುತ್ತದೆ?

ಇದಕ್ಕೆ ಓರೊವಾನ್ ಮತ್ತು ಇರ್ವಿನ್ ಉತ್ತರವಿತ್ತರು. ಕಬ್ಬಿಣದ ತಂತಿಯೊಂದನ್ನು ನಾವು ಬಲವಾಗಿ ಬಾಗಿಸಿದರೆ ಅದು ಬಾಗಿಯೇ ಉಳಿಯುತ್ತದೆ. ಮತ್ತೆ ಮತ್ತೆ ಬಾಗಿಸಿದರೆ ಬಿಸಿಯಾಗುತ್ತದೆ. ಒಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿರುತ್ತವೆ. ಇದೇ ಪ್ಲಾಸ್ಟಿಕ್ ವಿರೂಪ. ಬಿರುಕಿನ ತುದಿಯ ಸುತ್ತಲಿನ ಪುಟ್ಟ ವಲಯದಲ್ಲಿಯೂ ಹೀಗೆಯೇ ನಡೆಯುತ್ತದೆ. ಹರಿತವಾದ ತುದಿ ಮೊಂಡಾಗುತ್ತದೆ, ಪೀಡನಕ್ಕೆ ಮಿತಿಯೊದಗುತ್ತದೆ, ಬಹುಪಾಲು ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಗಾಜಿನಲ್ಲಿ ಇಂಥ ಜಾರುವಿಕೆಗೆ ಅವಕಾಶವಿಲ್ಲವೆಂದೇ ಹೇಳಬಹುದು.

ಈ ವಲಯದ ಗಾತ್ರವು ಲೋಹ ಮಣಿಯತೊಡಗುವ ಪೀಡನದ ವರ್ಗಕ್ಕೆ ವಿಲೋಮವಾಗಿರುತ್ತದೆ. ಬಿರುಕು, ಭಾರ ಎರಡೂ ಹಾಗೆಯೇ ಇದ್ದು ಆ ಪೀಡನ ಎರಡರಷ್ಟಾದರೆ ವಲಯವು ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಆದುದರಿಂದ ಹೆಚ್ಚು ಗಡುಸಾದ ಉಕ್ಕು ಹೆಚ್ಚು ಸುರಕ್ಷಿತವೆಂದು ಹೇಳುವಂತಿಲ್ಲ. ದಪ್ಪ ಹಲಗೆಯ ನಡುಭಾಗದಲ್ಲಿ ಲೋಹವು ಪಕ್ಕಕ್ಕೆ ಕುಗ್ಗಲಾರದೆ ಇರುವುದರಿಂದ ಅಲ್ಲಿಯೂ ವಲಯ ಕಿರಿದು. ಚಳಿಯಲ್ಲಿ ಪದರಗಳು ಸುಲಭವಾಗಿ ಜಾರುವುದಿಲ್ಲ. ಉಕ್ಕು ಗಾಜಿನ ಸ್ವಭಾವಕ್ಕೆ ಹತ್ತಿರವಾಗುತ್ತದೆ. ೧೯೪೩ರ ಜನವರಿ ೧೬ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲನೌಕೆಯು, ಬಿರುಗಾಳಿಯೇನೂ ಇಲ್ಲದೆ, ದಕ್ಕೆಯಲ್ಲಿ ನಿಂತಲ್ಲಿಯೇ ಹೆಚ್ಚುಕಡಿಮೆ ಎರಡು ತುಂಡಾಯಿತು.

ಈಗ ಕಂಬಿಗೆ ಮರಳೋಣ. ಪ್ರತಿಯೊಂದು ಚಕ್ರ ಉರುಳಿದಾಗಲೂ ಅಡಗಿರುವ ಬಿರುಕಿನ ತುದಿ ಮಣಿಯುತ್ತದೆ, ಅತ್ಯಲ್ಪವಾಗಿ ಮುಂದಕ್ಕೆ ಸರಿಯುತ್ತದೆ. ಚಳಿಯ ರಾತ್ರಿಯಲ್ಲಿ ಕಂಬಿ ಕುಗ್ಗಬಯಸುತ್ತದೆ. ಆದರೆ ಅದನ್ನು ಬಿಗಿದಿಟ್ಟಿರುವುದರಿಂದ ಒಳಗೆ ಸೆಳೆತ ಹೆಚ್ಚುತ್ತದೆ. ಬಿರುಕು ಸಾಕಷ್ಟು ಉದ್ದವಾಗಿದ್ದರೆ ಮಣಿಯುವ ವಲಯವು ಅದನ್ನು ಇನ್ನು ತಡೆಯಲಾರದು; ಕಂಬಿ ಒಮ್ಮೆಗೇ ತುಂಡಾಗುತ್ತದೆ. ಇದಕ್ಕಾಗಿಯೇ ರೈಲ್ವೆಯವರು ಶ್ರವಣಾತೀತ ಧ್ವನಿಯನ್ನು ಕಂಬಿಯೊಳಕ್ಕೆ ಹಾಯಿಸಿ, ಮರುದನಿಯಿಂದ ಬಿರುಕನ್ನು ಪತ್ತೆಮಾಡುತ್ತಾರೆ. ಚಳಿಗಾಲದ ರಾತ್ರಿಗಳಲ್ಲಿ ಕೆಲಸಗಾರರು ದೀಪ ಹಿಡಿದು ಮಾರ್ಗದುದ್ದಕ್ಕೂ ನಡೆದು ನೋಡುತ್ತಾರೆ. ಬಿರುಕನ್ನು ಸಕಾಲದಲ್ಲಿ ಕಂಡುಹಿಡಿಯಲು ಬೇಕಾದ ಕಾಲಾವಕಾಶವನ್ನು ಅವರಿಗೆ ಒದಗಿಸಿಕೊಡುವುದು ಆ ತುದಿಯಲ್ಲಿ ಮಣಿಯುವ ಒಂದಿಷ್ಟು ಉಕ್ಕು.