ಹಿಡಿತವಿರಲಿ, ಬಿಗಿತ ಬೇಡ: ಪಿಕಲ್‌ಬಾಲ್ ಹಲಗೆಯ ಆಯ್ಕೆ

ಕಾಯವನ್ನು ಕಡೆಗಣಿಸಿ ನಮ್ಮ ಶರಣರು ಧರ್ಮವನ್ನು ಬೋಧಿಸಲಿಲ್ಲ. ಕಾಯಕ ಮಾಡುವುದಕ್ಕೆ ಕಾಯ ಬೇಕು. ದಾಸೋಹಕ್ಕೆ ನೀಡುವ ಕೈ ಬೇಕು. ಲಿಂಗಪೂಜೆಗೆ ನಡುಗದ ಅಂಗೈ ಬೇಕು. ಆದುದರಿಂದ ಅರವತ್ತು ದಾಟಿದವರ ಕೈಕಾಲುಗಳನ್ನು ಚುರುಕಾಗಿ ಇಡಬಲ್ಲ ಆಟವೊಂದರ ಬಗೆಗೆ, ಅದರಲ್ಲಿಯೂ ಆ ಆಟದ ಸಲಕರಣೆಯನ್ನು ವಿವೇಕದಿಂದ ಆರಿಸಿಕೊಳ್ಳುವುದರ ಬಗೆಗೆ ಇಲ್ಲಿ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಮಕ್ಕಳ ಹಂಬಲದಿಂದ ಹೋಗಿ ನಾಲ್ಕಾರು ತಿಂಗಳು ಅಲ್ಲಿ ಇದ್ದು ಬರುತ್ತಾರೆ. ಬೆಳಗಿನ ಪೂಜೆ, ಉಪಾಹಾರಗಳು ಮುಗಿದ ಮೇಲೆ ಮಗಳು ಅಳಿಯ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ತೆರಳುತ್ತಾರೆ. ಅನಂತರ ಸಂಜೆಯವರೆಗೆ ಮನೆಯಲ್ಲಿ ಗಡಿಯಾರದ ಸದ್ದೊಂದೇ. ಈ ಏಕಾಂತವನ್ನು ಅನುಭವಿಸಿದವರೇ ಬಲ್ಲರು. ಕಳೆದ ಬೇಸಿಗೆಯಲ್ಲಿ ಸಿಯಾಟಲ್ ನಗರದ ಸಮೀಪದ ನಮ್ಮ ಮಗಳ ಮನೆಯಲ್ಲಿದ್ದಾಗ, ಆ ಏಕಾಂತದಿಂದ ನಮ್ಮ ಮನೆಯವರನ್ನು ಪಾರು ಮಾಡಿದ್ದು ಪಿಕಲ್‌ಬಾಲ್ ಎಂಬ ಆಟ. ಅದೇ ಆಟ ಅವರ ಮೊಣಕೈಗೆ ನೋವನ್ನೂ ತಂದಿತು. ಆ ನೋವಿನ ಕಾರಣವನ್ನು ಹುಡುಕುತ್ತ ಹೋದಾಗ ನಾವು ಕಲಿತದ್ದನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ಆಟದ ಹುಟ್ಟು

ಹೆಸರಿನಲ್ಲಿ ‘ಪಿಕಲ್’ ಇದ್ದರೂ ಈ ಆಟಕ್ಕೂ ನಮ್ಮ ಭರಣಿಯ ಉಪ್ಪಿನಕಾಯಿಗೂ ಸಂಬಂಧವಿಲ್ಲ. ಸಿಯಾಟಲ್‌ನಿಂದ ಹಡಗಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿಯ ಬೈನ್‌ಬ್ರಿಡ್ಜ್ ದ್ವೀಪದಲ್ಲಿ 1965ರ ಬೇಸಿಗೆಯಲ್ಲಿ ಇದು ಹುಟ್ಟಿತು. ಜೋಯಲ್ ಪ್ರಿಚರ್ಡ್ ಮತ್ತು ಅವರ ಮಿತ್ರ ಬಿಲ್ ಬೆಲ್ ಮನೆಯಂಗಳದ ಬ್ಯಾಡ್ಮಿಂಟನ್ ಅಂಕಣದಲ್ಲಿ ಆಡಲು ಹೊರಟಾಗ ಸಲಕರಣೆಗಳು ಪೂರ್ತಿ ಸಿಗಲಿಲ್ಲ. ಇದ್ದ ಟೇಬಲ್ ಟೆನ್ನಿಸ್ ಬ್ಯಾಟುಗಳನ್ನೂ ತೂತುಗಳಿದ್ದ ಪ್ಲಾಸ್ಟಿಕ್ ಚೆಂಡನ್ನೂ ಹಿಡಿದು ಮಕ್ಕಳಿಗಾಗಿ ಹೊಸ ಆಟವನ್ನೇ ಕಟ್ಟಿದರು. ನೆರೆಯವರಾದ ಬಾರ್ನಿ ಮೆಕ್ಯಾಲಮ್ ಪ್ಲೈವುಡ್ ಕತ್ತರಿಸಿ ಇನ್ನೂ ದೊಡ್ಡ ಹಲಗೆಗಳನ್ನು ಮಾಡಿಕೊಟ್ಟರು. ದೋಣಿಸ್ಪರ್ಧೆಯಲ್ಲಿ ಉಳಿದವರೆಲ್ಲ ಸೇರಿ ಹುಟ್ಟುಹಾಕುವ ‘ಪಿಕಲ್ ಬೋಟ್’ನಿಂದ ಹೆಸರು ಬಂದಿತೆಂದು ಪ್ರಿಚರ್ಡ್ ಮನೆಯವರು ಹೇಳಿದರೆ, ನಾಯಿಯ ಹೆಸರಿನಿಂದ ಬಂದಿತೆಂಬ ಕಥೆಯೂ ಉಂಟು. 2022ರಲ್ಲಿ ವಾಷಿಂಗ್ಟನ್ ರಾಜ್ಯವು ಇದನ್ನು ತನ್ನ ಅಧಿಕೃತ ಕ್ರೀಡೆಯೆಂದು ಸಾರಿತು. ನಮ್ಮ ದೇಶದಲ್ಲಿಯೂ ಆಟ ಬೇರೂರಿದೆ. ಬೆಂಗಳೂರಿನಂತಹ ನಗರಗಳಲ್ಲಿ ಇದರ ಅಂಕಣಗಳಿವೆ.

ಅಂಕಣದ ಉದ್ದ 44 ಅಡಿ, ಅಗಲ 20 ಅಡಿ. ಬಲೆಯ ಎತ್ತರ ಬದಿಗಳಲ್ಲಿ 36 ಅಂಗುಲ, ನಡುವೆ 34 ಅಂಗುಲ. ಬಲೆಯ ಎರಡೂ ಮಗ್ಗುಲಿಗೆ 7 ಅಡಿಗಳ ಪಟ್ಟಿಯೊಂದಿದೆ. ಅದರೊಳಗೆ ನಿಂತು, ನೆಲಕ್ಕೆ ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಆ ಪಟ್ಟಿಯನ್ನು ಆಟಗಾರರು ‘ಕಿಚನ್’, ಅಂದರೆ ಅಡುಗೆಮನೆ, ಎಂದೇ ಕರೆಯುತ್ತಾರೆ! ಎದುರಾಳಿಯ ಅಡುಗೆಮನೆಯೊಳಗೆ ಚೆಂಡನ್ನು ಮೆಲ್ಲನೆ ಇಳಿಸುವುದೇ ಇಲ್ಲಿಯ ಜಾಣ್ಮೆ. ಅದಕ್ಕೆ ‘ಡಿಂಕ್’ ಎಂದು ಹೆಸರು. ಬಲವಾಗಿ ಬಾರಿಸುವವನಿಗಿಂತ ಹದವರಿತು ಇಳಿಸುವವನು ಇಲ್ಲಿ ಗೆಲ್ಲುವುದುಂಟು. ಆದುದರಿಂದಲೇ ವಯಸ್ಸಾದವರು ಯುವಕರೊಡನೆ ಸಮನಾಗಿ ಆಡಬಲ್ಲರು. ಹೀಗೆ ಆಟದ ಸಾರವೇ ನಿಯಂತ್ರಣವಾಗಿರುವಾಗ, ಕೈಯಲ್ಲಿರುವ ಹಲಗೆಯು ಆ ನಿಯಂತ್ರಣಕ್ಕೆ ನೆರವಾಗಬೇಕೇ ಹೊರತು ಅಡ್ಡಿಯಾಗಬಾರದು.

ನಾವು ಮಾಡಿದ ತಪ್ಪು

ನಮ್ಮ ಮನೆಯವರು ನೆರೆಯ ಹಿರಿಯರೊಡನೆ ಉದ್ಯಾನದ ಅಂಕಣಕ್ಕೆ ಹೋಗತೊಡಗಿದರು. ಮೂರು ವಾರಗಳಲ್ಲಿ ಅವರಿಗೆ ಏಳೆಂಟು ಮಂದಿ ಗೆಳತಿಯರಾದರು. ಅಳಿಯಂದಿರು ಪ್ರೀತಿಯಿಂದ ಅಂಗಡಿಯೊಂದರಿಂದ ಬೆಲೆಬಾಳುವ ಹಲಗೆಯನ್ನು ತಂದುಕೊಟ್ಟರು. ‘ದೊಡ್ಡ ಪಂದ್ಯಗಳಲ್ಲಿ ಆಡುವವರು ಹಿಡಿಯುವುದು ಇದನ್ನೇ’ ಎಂದು ಮಾರಿದವನು ಹೇಳಿದ್ದನಂತೆ. ಐದನೆಯ ವಾರದಲ್ಲಿ ಬಲ ಮೊಣಕೈಯ ಹೊರಮಗ್ಗುಲು ನೋಯತೊಡಗಿತು. ನೀರಿನ ತಂಬಿಗೆ ಎತ್ತುವಾಗ ಕೈ ಸೋಲುತ್ತಿತ್ತು. ಪೂಜೆಯಲ್ಲಿ ಎಡ ಅಂಗೈಯ ಇಷ್ಟಲಿಂಗಕ್ಕೆ ಬಲಗೈಯಿಂದ ಅಭಿಷೇಕ ಮಾಡುವಾಗ ಮುಖ ಕಿವುಚುವುದನ್ನು ನಾವು ಕಂಡೆವು.

‘ಈ ವಯಸ್ಸಿನಲ್ಲಿ ಆಟವೇಕೆ? ಇಂದಿನಿಂದ ಬಿಟ್ಟುಬಿಡು’ ಎಂದು ನಾವು ಅಪ್ಪಣೆ ಮಾಡಿಯೇಬಿಟ್ಟೆವು. ಅವರು ಎದುರು ಮಾತಾಡಲಿಲ್ಲ. ಎರಡು ದಿನ ಕಿಟಕಿಯ ಬಳಿಯಲ್ಲಿ ಸುಮ್ಮನೆ ಕುಳಿತಿದ್ದರು. ಮೂರನೆಯ ದಿನ ಮೆಲ್ಲನೆ ಹೇಳಿದರು: ‘ಊರಾಗ ಓಣಿ ತುಂಬ ಮಾತಾಡ್ಸೋ ಮಂದಿ ಅದಾರ್ರಿ. ಇಲ್ಲಿ ನನ್ನ ಹೆಸರು ಹಿಡಿದು ಕರಿಯೋದು ಆ ಆಟದ ಅಂಗಳದಾಗಷ್ಟ. ಅದನ್ನೂ ಬಿಡು ಅಂದ್ರ ಹೆಂಗ್ರಿ?’

ಮಠದಲ್ಲಿ ಓದಿ, ಸ್ತ್ರೀಗೆ ಸಮಾನ ಗೌರವವನ್ನು ಕೊಟ್ಟ ಅನುಭವ ಮಂಟಪದ ಬಗೆಗೆ ಎಷ್ಟೋ ಉಪನ್ಯಾಸಗಳನ್ನು ಮಾಡಿದ ನಮಗೆ ಆ ಮಾತು ಚುಚ್ಚಿತು. ಕಾರಣವನ್ನು ವಿಚಾರಿಸದೆಯೇ ನಾವು ತೀರ್ಪು ಕೊಟ್ಟಿದ್ದೆವು.

ಮಗಳು ಅವರನ್ನು ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಫಿಸಿಯೋಥೆರಪಿ ಮಾಡುವ ಮಹಿಳೆಯ ಬಳಿಗೆ ಕರೆದೊಯ್ದಳು. ಟೆನ್ನಿಸ್ ಆಟಗಾರರಿಗೆ ಬರುವ ಮೊಣಕೈ ನೋವೇ ಇದೆಂದೂ, ಕೆಲವು ವಾರ ವಿಶ್ರಾಂತಿಯೂ ಮಣಿಕಟ್ಟು ಮುಂಗೈಗಳ ವ್ಯಾಯಾಮವೂ ಬೇಕೆಂದೂ ಆಕೆ ತಿಳಿಸಿದರು. ಅನಂತರ ಕೇಳಿದ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ: ‘ನಿಮ್ಮ ಹಲಗೆಯನ್ನು ತಂದಿದ್ದೀರಾ?’ ಮರುಭೇಟಿಗೆ ಒಯ್ದು ತೋರಿಸಿದಾಗ ಆಕೆ ತಲೆಯಾಡಿಸಿದರು. ಹಲಗೆ ನೀಳವಾಗಿತ್ತು, ತೆಳುವಾಗಿತ್ತು, ತೂಕವೂ ಹೆಚ್ಚು; ಹಿಡಿಯೋ ಬಹಳ ಸಣ್ಣದು. ಚೆಂಡು ತಗುಲಿದಾಗಲೆಲ್ಲ ಹಲಗೆ ತಿರುಗುತ್ತಿತ್ತು. ಅದನ್ನು ತಡೆಯಲು ನಮ್ಮ ಮನೆಯವರು ಮುಷ್ಟಿಯನ್ನು ಬಿಗಿಯುತ್ತಿದ್ದರು. ಆ ಬಿಗಿತವೇ ಮೊಣಕೈಗೆ ಏರುತ್ತಿತ್ತು.

ಆರಿಸುವಾಗ ಗಮನಿಸಬೇಕಾದ ಐದು ಅಂಶಗಳು

ಮೊದಲನೆಯದು ಹಿಡಿ. ಇದರ ಸುತ್ತಳತೆ ಸಾಮಾನ್ಯವಾಗಿ 4 ಅಂಗುಲದಿಂದ ನಾಲ್ಕೂವರೆ ಅಂಗುಲದವರೆಗೆ ಇರುತ್ತದೆ. ಅಂಗೈಯ ನಡುಗೆರೆಯಿಂದ ಉಂಗುರ ಬೆರಳಿನ ತುದಿಯವರೆಗಿನ ಅಳತೆಯೇ ನಿಮಗೆ ಒಪ್ಪುವ ಸುತ್ತಳತೆ. ಇನ್ನೊಂದು ಪರೀಕ್ಷೆ: ಹಲಗೆಯನ್ನು ಆಡುವಂತೆ ಹಿಡಿಯಿರಿ. ಬೆರಳ ತುದಿಗಳಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಸರಿಯಾಗಿ ಕೂಡುವಷ್ಟು ಎಡೆ ಇರಬೇಕು. ಎಡೆಯೇ ಇಲ್ಲದಿದ್ದರೆ ಹಿಡಿ ಸಣ್ಣದು. ಬೆರಳು ಹಿಡಿಸಿಯೂ ಜಾಗ ಮಿಕ್ಕರೆ ದೊಡ್ಡದು. ಎರಡು ಅಳತೆಗಳ ನಡುವೆ ಸಂದೇಹ ಬಂದರೆ ಸಣ್ಣದನ್ನೇ ಕೊಳ್ಳಿರಿ. ಮೇಲೆ ಪಟ್ಟಿ ಸುತ್ತಿ ದಪ್ಪ ಮಾಡಬಹುದು. ದಪ್ಪನೆಯದನ್ನು ಸಣ್ಣದಾಗಿಸುವುದು ಕಷ್ಟ.

ಎರಡನೆಯದು ತೂಕ. ಆಟದ ನಿಯಮಗಳು ತೂಕಕ್ಕೆ ಮಿತಿ ಹಾಕಿಲ್ಲ. ಸುಮಾರು 207 ಗ್ರಾಂಗಿಂತ ಕಡಿಮೆಯದನ್ನು ಹಗುರವೆಂದೂ, 207ರಿಂದ 238 ಗ್ರಾಂವರೆಗಿನದನ್ನು ಮಧ್ಯಮವೆಂದೂ, ಅದಕ್ಕೂ ಮೇಲಿನದನ್ನು ಭಾರವೆಂದೂ ಹೇಳುವುದು ವಾಡಿಕೆ. ಭಾರದ ಹಲಗೆ ಚೆಂಡನ್ನು ದೂರ ತಳ್ಳುತ್ತದೆ, ಆದರೆ ತೋಳನ್ನು ದಣಿಸುತ್ತದೆ. ತೀರ ಹಗುರವಾದುದು ಬೇಗ ತಿರುಗುತ್ತದೆ, ಆದರೆ ವೇಗದ ಚೆಂಡಿನ ಮುಂದೆ ಅಲುಗಾಡುತ್ತದೆ. ಆಗ ನಾವೇ ಹೆಚ್ಚು ಬಲ ಹಾಕಬೇಕಾಗುತ್ತದೆ. ನಿಯಂತ್ರಣ ಬಯಸುವ ಹಿರಿಯರಿಗೆ ಮಧ್ಯಮ ಮಾರ್ಗವೇ ಲೇಸು. ಒಟ್ಟು ತೂಕದಷ್ಟೇ ಅದರ ಹಂಚಿಕೆಯೂ ಮುಖ್ಯ. ತಲೆಯ ಕಡೆಗೆ ಭಾರವಿದ್ದರೆ ಗ್ರಾಂ ಲೆಕ್ಕದಲ್ಲಿ ಹಗುರವಾದ ಹಲಗೆಯೂ ಕೈಗೆ ಭಾರವೆನಿಸುತ್ತದೆ.

ಮೂರನೆಯದು ಒಳತಿರುಳು. 1984ರಲ್ಲಿ ಬೋಯಿಂಗ್ ಸಂಸ್ಥೆಯ ಎಂಜಿನಿಯರ್ ಆರ್ಲೆನ್ ಪರಾಂಟೋ ಎಂಬವರು ವಿಮಾನಗಳ ನೆಲಹಾಸಿಗೆ ಬಳಸುವ ಜೇನುಹುಟ್ಟಿನ ರಚನೆಯ ಫಲಕಗಳಿಂದ ಹಲಗೆಯನ್ನು ಮಾಡಿದರು. ಅಲ್ಲಿಂದ ಮರದ ಹಲಗೆಯ ಕಾಲ ಹಿಂದೆ ಸರಿಯಿತು. ಇಂದು ಬಹುಪಾಲು ಹಲಗೆಗಳ ತಿರುಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜೇನುಗೂಡು. ಇದರ ದಪ್ಪವೇ ನಿಯಂತ್ರಣದ ಮರ್ಮ. 13 ಮಿಲಿಮೀಟರಿನ ತೆಳು ತಿರುಳು ಚೆಂಡನ್ನು ಥಟ್ಟನೆ ಚಿಮ್ಮಿಸುತ್ತದೆ. 16 ಮಿಲಿಮೀಟರಿನದು ಪೆಟ್ಟನ್ನು ಹೆಚ್ಚು ಹೀರಿಕೊಂಡು ಚೆಂಡನ್ನು ಮೆಲ್ಲನೆ ಬಿಡುತ್ತದೆ. ಕೈಗೆ ಏರುವ ಕಂಪನವೂ ಕಡಿಮೆ. ಅಡುಗೆಮನೆಯೊಳಗೆ ಚೆಂಡನ್ನು ಇಳಿಸಬಯಸುವವರು 16 ಮಿಲಿಮೀಟರಿನದನ್ನು ಕೇಳಿ ಪಡೆಯಬೇಕು.

ನಾಲ್ಕನೆಯದು ಮೇಲ್ಮೈ. ಫೈಬರ್‌ಗ್ಲಾಸ್ ತುಸು ಬಾಗಿ ಪುಟಿಯುವುದರಿಂದ ಪೆಟ್ಟಿಗೆ ಬಲ ಕೊಡುತ್ತದೆ. ಕಾರ್ಬನ್ ಫೈಬರ್ ಗಟ್ಟಿಯಾದುದು. ಪೆಟ್ಟನ್ನು ಸಮನಾಗಿ ಹರಡುವುದರಿಂದ ಚೆಂಡು ಎಣಿಸಿದತ್ತ ಹೋಗುತ್ತದೆ. ಅದರ ಒರಟು ಮೈ ಚೆಂಡಿಗೆ ತಿರುವನ್ನೂ ಕೊಡುತ್ತದೆ. ಆದರೆ ಆ ಒರಟುತನ ಆಡುತ್ತ ಆಡುತ್ತ ಸವೆಯುತ್ತದೆಂಬುದು ತಿಳಿದಿರಲಿ.

ಐದನೆಯದು ಆಕಾರ. ಹಲಗೆಯ ಉದ್ದ 17 ಅಂಗುಲವನ್ನೂ, ಉದ್ದ ಅಗಲಗಳ ಮೊತ್ತ 24 ಅಂಗುಲವನ್ನೂ ಮೀರಬಾರದೆಂಬುದು ನಿಯಮ. ಆದುದರಿಂದ ಉದ್ದ ಹೆಚ್ಚಿಸಿದರೆ ಅಗಲ ಕುಗ್ಗುತ್ತದೆ. ನೀಳ ಹಲಗೆ ದೂರಕ್ಕೆ ಎಟುಕುತ್ತದೆ. ಆದರೆ ಚೆಂಡು ನಡುವಿನಿಂದ ತುಸು ತಪ್ಪಿ ತಗುಲಿದರೆ ಕೈಯಲ್ಲಿ ತಿರುಗುತ್ತದೆ. ಸುಮಾರು 16 ಅಂಗುಲ ಉದ್ದ, 8 ಅಂಗುಲ ಅಗಲದ ಹಲಗೆಯಲ್ಲಿ ಚೆಂಡು ಸರಿಯಾಗಿ ಕೂಡುವ ಜಾಗ ವಿಶಾಲ. ಕಲಿಯುವವರ ತಪ್ಪನ್ನು ಅದು ಮನ್ನಿಸುತ್ತದೆ.

ಇವುಗಳಲ್ಲಿ ಬೆಲೆಯ ಮಾತೇ ಬರಲಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಬೆಲೆ ಹೆಚ್ಚಾದುದು ಇನ್ನೊಬ್ಬರ ಕೈಗೆ ಉತ್ತಮವಾಗಿರಬಹುದು, ನಮ್ಮ ಕೈಗೆ ಅಲ್ಲ. ಕೊಳ್ಳುವ ಮುನ್ನ ಜೊತೆಯವರ ನಾಲ್ಕು ಹಲಗೆಗಳನ್ನು ಹತ್ತು ಹತ್ತು ನಿಮಿಷ ಆಡಿ ನೋಡುವುದೇ ನಿಜವಾದ ಪರೀಕ್ಷೆ. ಕೊಂಡ ಮೇಲೆ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡಬಾರದು. ಕಾವಿಗೆ ಒಳಪದರಗಳ ಅಂಟು ಸಡಿಲಬಹುದು. ಆಗಾಗ ಬೆರಳಿನಿಂದ ತಟ್ಟಿ ನೋಡಿ; ಒಂದು ಕಡೆ ಸದ್ದು ಬೇರೆಯಾಗಿ ಬಂದರೆ ಒಳಗೆ ಮುರಿದಿರುವ ಸಂಭವವುಂಟು.

ಕೈಯ ಹದ

ಹಲಗೆ ಎಷ್ಟು ಒಳ್ಳೆಯದಾದರೂ ಹಿಡಿಯುವ ಕೈಗೆ ಹದ ತಿಳಿಯದಿದ್ದರೆ ಫಲವಿಲ್ಲ. ಕೈಯ ಪೂರ್ಣ ಬಿಗಿತವನ್ನು ಹತ್ತು ಎಂದಿಟ್ಟುಕೊಂಡರೆ, ಮೆಲ್ಲನೆಯ ಪೆಟ್ಟುಗಳಿಗೆ ಮೂರು ನಾಲ್ಕರಷ್ಟು ಬಿಗಿ ಸಾಕೆಂದು ಕಲಿಸುವವರು ಹೇಳುತ್ತಾರೆ. ಇದನ್ನು ಕೇಳಿದಾಗ ನಮ್ಮ ಮನೆಯವರು ಥಟ್ಟನೆ ನುಡಿದರು: ‘ಲಿಂಗ ಹಿಡಿದ ಅಂಗೈ ಹೆಂಗಿರತದ್ರಿ? ಅಮುಕೂದಿಲ್ಲ, ಸಡಿಲ ಬಿಡೂದೂ ಇಲ್ಲ. ಹಂಗ ಹಿಡೀಬೇಕು ಅಂತಾರ ಇವರು.’

ಆರಾಧ್ಯವಾದ ಇಷ್ಟಲಿಂಗಕ್ಕೂ ಆಟದ ಹಲಗೆಗೂ ಹೋಲಿಕೆ ಸಲ್ಲದು. ಅವರೂ ಹೋಲಿಸಿದ್ದು ಲಿಂಗವನ್ನಲ್ಲ, ಅಂಗೈಯ ಅಭ್ಯಾಸವನ್ನು. ಐವತ್ತು ವರ್ಷಗಳ ನಿತ್ಯಪೂಜೆ ಕೈಗೆ ಕಲಿಸಿದ ಎಚ್ಚರ ಆಟದಲ್ಲಿಯೂ ನೆರವಾಗುವುದಾದರೆ ಅದು ಸಂತೋಷದ ಸಂಗತಿಯೇ.

ಆರು ವಾರಗಳ ವಿಶ್ರಾಂತಿ ಮತ್ತು ವ್ಯಾಯಾಮದ ಅನಂತರ, 16 ಮಿಲಿಮೀಟರಿನ, 221 ಗ್ರಾಂ ತೂಕದ, ಅಗಲವಾದ ಹಲಗೆಗೆ ಅವರ ಕೈಗೆ ಒಪ್ಪುವಂತೆ ಪಟ್ಟಿ ಸುತ್ತಿಸಿ ಕೊಟ್ಟೆವು. ಹಿಂದಿನದಕ್ಕಿಂತ ಇದರ ಬೆಲೆ ಕಡಿಮೆಯೇ. ಮೊದಲು ದಿನಕ್ಕೆ ಕಾಲು ಗಂಟೆ, ಅನಂತರ ಅರ್ಧ ಗಂಟೆ ಆಡಿದರು. ನೋವು ಮರುಕಳಿಸಲಿಲ್ಲ. ಹಲಗೆಯೊಂದೇ ವಾಸಿ ಮಾಡಿತೆಂದು ನಾವು ಹೇಳಲಾರೆವು. ವಿಶ್ರಾಂತಿಯ ಪಾಲೂ ವ್ಯಾಯಾಮದ ಪಾಲೂ ದೊಡ್ಡದು. ಮೊಣಕೈ ನೋವಿದ್ದವರು ವೈದ್ಯರನ್ನು ಕಾಣದೆ ಹಲಗೆ ಬದಲಿಸಿ ಸುಮ್ಮನಾಗಬಾರದು.

ನಾವು ಊರಿಗೆ ಹೊರಡುವ ಹಿಂದಿನ ದಿನ ಅವರೊಡನೆ ಅಂಕಣಕ್ಕೆ ಹೋಗಿದ್ದೆವು. ದೂರದಿಂದಲೇ ಮೂರು ನಾಲ್ಕು ಮಂದಿ ಅವರ ಹೆಸರು ಹಿಡಿದು ಕೂಗಿ ಕರೆದರು. ಅವರು ನಮ್ಮತ್ತ ಒಮ್ಮೆ ತಿರುಗಿ ನೋಡಿ, ನಕ್ಕು, ಬೇಗ ಬೇಗ ನಡೆದರು. ಬೇಲಿಯ ಹೊರಗಿನ ಬೆಂಚಿನ ಮೇಲೆ ಕುಳಿತು ನಾವು ನೋಡಿದೆವು. ಎದುರಿನವರು ಬಲವಾಗಿ ಬಾರಿಸಿದ ಚೆಂಡು ಇವರ ಹಲಗೆಗೆ ತಗುಲಿ ಬಲೆಯನ್ನು ದಾಟಿ, ಅಡುಗೆಮನೆಯೊಳಗೆ ಹೂವಿನಂತೆ ಇಳಿಯಿತು.

ಮನೆಯ ಹಿರಿಯರಿಗೆ ಆಟ ಬೇಡವೆನ್ನುವ ಮುನ್ನ ಅವರ ಕೈಯಲ್ಲಿ ಏನಿದೆಯೆಂದು ಒಮ್ಮೆ ನೋಡಿರಿ. ಅವರ ಮನಸ್ಸಿನಲ್ಲಿ ಏನಿದೆಯೆಂದು ಅದಕ್ಕೂ ಮೊದಲು ಕೇಳಿರಿ.