ಬಿಸಿನೀರಿನ ತಲೆಸ್ನಾನ ಮತ್ತು ಅಪಸ್ಮಾರ

ಸ್ನಾನವು ನಮ್ಮ ನಿತ್ಯವಿಧಿಗಳಲ್ಲಿ ಮೊದಲನೆಯದು. ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ನಮ್ಮ ಮನೆಗಳ ಸಂಪ್ರದಾಯ. ವಾರಕ್ಕೊಮ್ಮೆ ಹಾಗೂ ಹಬ್ಬಹರಿದಿನಗಳಲ್ಲಿ ಎಣ್ಣೆ ಹಚ್ಚಿಕೊಂಡು, ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ತಲೆಗೆ ಸುರಿದುಕೊಂಡರೆ ಮೈ ಹಗುರಾಗುವುದು ಎಲ್ಲರ ಅನುಭವ. ಆದರೆ ಕೆಲವರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ಈ ತಲೆಸ್ನಾನವೇ ಮೂರ್ಛೆಯನ್ನು ತರುತ್ತದೆ. ತಲೆಯ ಮೇಲೆ ನೀರು ಬೀಳುತ್ತಿರುವಂತೆಯೇ ಮಗು ದೃಷ್ಟಿ ನೆಟ್ಟು ನಿಲ್ಲುತ್ತದೆ, ಕರೆದರೆ ಓಗೊಡುವುದಿಲ್ಲ, ಅಸಂಬದ್ಧವಾಗಿ ಮಾತನಾಡುತ್ತದೆ. ಕೆಲವರು ಕೈಕಾಲು ಸೆಟೆದು ಬೀಳುತ್ತಾರೆ. ಇದನ್ನು ಆಧುನಿಕ ವೈದ್ಯರು 'ಹಾಟ್ ವಾಟರ್ ಎಪಿಲೆಪ್ಸಿ', ಅಂದರೆ ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ.

ಈ ರೋಗದ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದಿತು. ಆದರೆ ಇದರ ಬಗೆಗಿನ ತಿಳಿವಳಿಕೆಯ ಬಹುಭಾಗವು ನಮ್ಮ ನಾಡಿನಲ್ಲಿಯೇ ದೊರೆತದ್ದು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1974ರಲ್ಲಿ 108 ರೋಗಿಗಳ ವಿವರವನ್ನು ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು ದಕ್ಷಿಣ ಭಾರತದ 279 ರೋಗಿಗಳ ಅಧ್ಯಯನವನ್ನು ಹೊರತಂದರು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚೆಂದೂ, ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬರುವುದೆಂದೂ ಕಂಡುಬಂದಿತು. ಮುಂದೆ ನಿಮ್ಹಾನ್ಸ್ ಹಾಗೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಂತಹ ಕುಟುಂಬಗಳನ್ನು ಪರೀಕ್ಷಿಸಿ, ರೋಗದ ನಂಟು ವಂಶವಾಹಿಗಳನ್ನು ಹೊತ್ತ 4 ಮತ್ತು 10ನೆಯ ವರ್ಣತಂತುಗಳ ಕೆಲವು ಭಾಗಗಳಲ್ಲಿದೆ ಎಂದು ಗುರುತಿಸಿದರು.

ಬಿಸಿನೀರಿಗೂ ಮಿದುಳಿಗೂ ಏನು ಸಂಬಂಧ? ನಮ್ಮಲ್ಲಿ ತಲೆಗೆ ಹಾಕಿಕೊಳ್ಳುವ ನೀರು ಅನೇಕ ವೇಳೆ 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುತ್ತದೆ. ಈ ರೋಗಕ್ಕೆ ಒಳಗಾಗುವವರಲ್ಲಿ ದೇಹದ ಶಾಖವನ್ನು ಹದದಲ್ಲಿಡುವ ಮಿದುಳಿನ ವ್ಯವಸ್ಥೆಯು ದುರ್ಬಲವಾಗಿರುತ್ತದೆಂದು ಸಂಶೋಧಕರು ಭಾವಿಸುತ್ತಾರೆ. ಬಿಸಿನೀರು ಒಂದೇ ಸಮನೆ ನೆತ್ತಿಯ ಮೇಲೆ ಬಿದ್ದಾಗ ಶಾಖವು ಬೇಗನೆ ಏರಿ, ನಿಧಾನವಾಗಿ ಇಳಿಯುತ್ತದೆ; ಆಗ ನರಕೋಶಗಳು ಉದ್ರೇಕಗೊಂಡು ಸೆಳವು ಉಂಟಾಗುತ್ತದೆ. ಕೆಲವು ರೋಗಿಗಳಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖವೆನಿಸಿ, ಅವರು ನೀರು ಸುರಿದುಕೊಳ್ಳುವುದನ್ನು ನಿಲ್ಲಿಸುವುದೇ ಇಲ್ಲ. ಹಿರಿಯರು ಇದನ್ನು ಹಠವೆಂದು ಗದರಿಸಬಾರದು. ಅದು ರೋಗದ ಲಕ್ಷಣ.

ಆಯುರ್ವೇದಕ್ಕೆ ಅಪಸ್ಮಾರವು ಹೊಸದಲ್ಲ. ಚರಕಾಚಾರ್ಯರು ದೋಷಭೇದದಿಂದ ಅದನ್ನು ನಾಲ್ಕು ವಿಧವಾಗಿ ವಿವರಿಸಿದ್ದಾರೆ. ಸ್ನಾನದ ವಿಷಯದಲ್ಲಿ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಸ್ಪಷ್ಟವಾದ ಎಚ್ಚರಿಕೆ ಕೊಟ್ಟಿದ್ದಾರೆ: ಬಿಸಿನೀರು ಕತ್ತಿನಿಂದ ಕೆಳಗಿನ ದೇಹಕ್ಕೆ ಬಲದಾಯಕ, ಅದೇ ನೀರನ್ನು ತಲೆಗೆ ಹಾಕಿಕೊಂಡರೆ ಕೂದಲು ಮತ್ತು ಕಣ್ಣುಗಳ ಬಲ ಕುಂದುತ್ತದೆ. ಅವರು ಅಲ್ಲಿ ಅಪಸ್ಮಾರದ ಮಾತನ್ನು ಹೇಳಿಲ್ಲ. ಆದರೂ ಶಿರಸ್ಸನ್ನು ಶಾಖದಿಂದ ಕಾಪಾಡಬೇಕೆಂಬ ವಿವೇಕ ಅಲ್ಲಿದೆ. ನಿದಾನ ಪರಿವರ್ಜನ, ಅಂದರೆ ರೋಗಕಾರಣವನ್ನು ದೂರವಿಡುವುದೇ ಮೊದಲ ಚಿಕಿತ್ಸೆ ಎಂಬುದು ನಮ್ಮ ಶಾಸ್ತ್ರದ ಮೂಲಸೂತ್ರ. ಈ ರೋಗದಲ್ಲಿ ಆಧುನಿಕ ವೈದ್ಯರು ಮೊದಲು ಹೇಳುವುದೂ ಇದನ್ನೇ.

ಆದುದರಿಂದ ರೋಗವುಳ್ಳವರು ತಲೆಗೆ ಉಗುರುಬೆಚ್ಚಗಿನ ಅಥವಾ ತಣ್ಣೀರನ್ನೇ ಬಳಸಬೇಕು. ನೀರನ್ನು ಸ್ವಲ್ಪಸ್ವಲ್ಪವಾಗಿ, ನಡುನಡುವೆ ಬಿಟ್ಟು ಹಾಕಿಕೊಳ್ಳಬೇಕು. ಬಚ್ಚಲಮನೆಯ ಅಗುಳಿ ಹಾಕಬಾರದು. ಉರಿಯುವ ಒಲೆ ಮತ್ತು ಕುದಿಯುವ ಹಂಡೆಯಿಂದ ದೂರವಿರಬೇಕು. ಮಕ್ಕಳ ಬಳಿ ದೊಡ್ಡವರೊಬ್ಬರು ಇರಲೇಬೇಕು. ಇಷ್ಟರಿಂದ ಹತೋಟಿಗೆ ಬಾರದಿದ್ದರೆ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಸೇವಿಸುವ ಮಾತ್ರೆಯನ್ನು ತಜ್ಞರು ಸೂಚಿಸುತ್ತಾರೆ. ಕೆಲವರಲ್ಲಿ ಕಾಲಕ್ರಮೇಣ ಸ್ನಾನವಿಲ್ಲದೆಯೂ ಸೆಳವು ಕಾಣಿಸಿಕೊಳ್ಳುವುದುಂಟು. ಅಂಥವರಿಗೆ ನಿತ್ಯೌಷಧ ಬೇಕಾಗುತ್ತದೆ. ಬ್ರಾಹ್ಮೀಘೃತ, ಪಂಚಗವ್ಯಘೃತ ಮೊದಲಾದ ಔಷಧಗಳು ನಮ್ಮ ಗ್ರಂಥಗಳಲ್ಲಿವೆ. ಆದರೆ ಅವುಗಳನ್ನು ನೆಚ್ಚಿ, ತಜ್ಞರು ಕೊಟ್ಟ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಸೆಳವು ಬಂದಾಗ ನೀರನ್ನು ನಿಲ್ಲಿಸಿ, ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿರಿ. ಕೈಗೆ ಕಬ್ಬಿಣ ಕೊಡುವುದರಿಂದ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬಾರದು. ಐದು ನಿಮಿಷವಾದರೂ ಸೆಳವು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಚ್ಚಲಲ್ಲಿ ಬಿದ್ದ ಮಗುವಿಗೆ ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸುವವರು, ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಮುಚ್ಚಿಡುವವರು ಇಂದಿಗೂ ಇದ್ದಾರೆ. ಬಸವಾದಿ ಶರಣರ ದಾರಿಯಲ್ಲಿ ನಡೆಯುವ ನಾವು ಇಂತಹ ಭಯಕ್ಕೆ ಎಡೆಗೊಡಬಾರದು. ಮುಚ್ಚಿಟ್ಟ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂಟಿಯಾಗಿ ಸ್ನಾನ ಮಾಡುವ ಹುಡುಗಿಯ ಜೀವಕ್ಕೇ ಕುತ್ತು. ಪ್ರತಿದಿನವೂ ತಲೆಗೆ ಬಿಸಿನೀರು ಬಿದ್ದರೆ ಮಾತ್ರ ಮಡಿ ಎಂಬ ಭಾವನೆಯೂ ಬೇಡ. ಮೈಗೆ ಸ್ನಾನ ಮಾಡಿ, ಶುಚಿಯಾದ ವಸ್ತ್ರವುಟ್ಟು, ನಿಶ್ಚಲ ಮನಸ್ಸಿನಿಂದ ಲಿಂಗಪೂಜೆಗೆ ಕುಳಿತುಕೊಳ್ಳಬಹುದು. ಮನೆಯಲ್ಲಿ ಯಾರಿಗಾದರೂ ತಲೆಸ್ನಾನದ ವೇಳೆ ಮಂಕು ಕವಿಯುವುದು ಕಂಡುಬಂದರೆ, ಆ ದಿನದಿಂದಲೇ ನೀರಿನ ಬಿಸಿಯನ್ನು ತಗ್ಗಿಸಿ, ಆ ವಾರದಲ್ಲಿಯೇ ನರರೋಗ ತಜ್ಞರನ್ನು ಕಾಣಿರಿ.